ಮೂರನೇ ಆರೋಪಿ ಪಾರ್ವತೆಮ್ಮ

ಸಂತೆಕಲ್ಲೂರು
9-6-2024

ವಸೀಮಾಗೆ ಪಾರ್ವತೆಮ್ಮ ಬರೆಯೋದು.

ಶಿವ ನಿನ್ನನ್ನೂ ನಿನ್ನ ಮಗಳನ್ನೂ ಕಾಯಲಿ. ನಾನು ಜೈಲಿನಿಂದ ಹೊರಗ ಬಂದು ಇವತ್ತಿಗೆ ಹನ್ನೊಂದು ದಿನ ಆತು. ತವರಮನಿಯಾಗ, ನನ್ನ ತಮ್ಮ ಬಸವಲಿಂಗನ ಹತ್ರ ಇದ್ದೀನಿ. ಬಂದಾಕಿ ಒಂದು ಫೋನ್ ಸೈತ ಮಾಡಲಿಲ್ಲ ಅಂತ ಸಿಟ್ಟಾಗಬ್ಯಾಡ. ನನ್ನ ಫೋನು ಪೊಲೀಸರು ಚೀಲದಾಗ ಹಾಕಿ ಅರಗು ಒತ್ತಿ ಇಟ್ಟಾರ. ತಮ್ಮನ ಫೋನಿಂದ ಮಾಡೋಣ ಅಂದ್ರ ವಕೀಲರು ಬಿಲ್ಕುಲ್ ಬ್ಯಾಡ ಅಂದ್ರು. ಯಾರು ಯಾರ ಜೋಡಿ ಎಷ್ಟೊತ್ತು ಮಾತಾಡಿದ್ರು ಅಂತ ಎಲ್ಲಾ ತೆಗಿತಾರಂತ. ಕಾಗದ ಬರಿಬ್ಯಾಡ ಅಂತ ಮಾತ್ರ ಅವರು ಅನ್ನಲಿಲ್ಲ. ಈಗಿನ ಕಾಲದಾಗ ಕಾಗದ ಬರೆಯೋರು ಇನ್ನೂ ಅದಾರ ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ. ನಾನು ಏಳನೇತ್ತ ಕಲಿತದ್ದು ಈಗ ಉಪಯೋಗಕ್ಕ ಬಂತು.

ನನಗ ಜಾಮೀನು ಕೊಟ್ಟದ್ದು ಹೆಂಗಸು ಅಂತ, ಮತ್ತ ಹೊಡೆದ ಜಾಗದಾಗ ಇದ್ದಿಲ್ಲ ಅಂತ. ಷರತ್ತು ಎರಡು. ಪ್ರತಿ ಐತವಾರ ಮಸ್ಕಿ ಠಾಣೆಗೆ ಹೋಗಿ ಸೈ ಮಾಡಬೇಕು. ಕೇಸು ಮುಗಿಯೋ ತನಕ ಸಿಂಧನೂರು ತಾಲೂಕಿನಾಗ ಕಾಲು ಇಡಬಾರದು. ಅಂದ್ರ ವಳಕಮದಿನ್ನಿಗೆ ಬರಬಾರದು, ನನ್ನ ಮನಿ ಬಾಗಲ ನಾ ತೆಗೀಬಾರದು. ಅಲ್ಲಿ ಕಾಲುವಿ ನೀರು, ಹಸರ ಗದ್ದಿ. ಇಲ್ಲಿ ಕಣ್ಣು ಹಾಯ್ದಷ್ಟು ಎರಿ ನೆಲ, ಮಳಿ ಬಂದ್ರ ಜೋಳ, ಇಲ್ದಿದ್ರ ಧೂಳ. ಹುಟ್ಟಿದ ಊರಾದ್ರೂ ಮೂವತ್ತು ವರ್ಷದ ಮ್ಯಾಲ ಬಂದಾಕಿಗೆ ಇದು ಯಾರದೋ ಊರು ಆಗೈತಿ.

ನಾನು ಮಾಡಿದ್ದು ಏನು ಅಂತ ನಿನಗ ಗೊತ್ತೈತಿ, ಆದ್ರೂ ಬರೀತೀನಿ. ಕಾಲುವಿ ತೂಬಿನ ಹತ್ರ ಬಾಜೂ ಗದ್ದಿ ನರಸಣ್ಣನ ಜೋಡಿ ನೀರಿನ ಜಗಳ ಆದದ್ದು, ಅವನ ತಲಿಗೆ ಸಲಿಕಿ ಏಟು ಬಿದ್ದದ್ದು ನಾನು ಕಂಡಿಲ್ಲ. ನಾನು ಕಂಡದ್ದು ಹಿತ್ತಲ ಬಾಗಲಾಗ ನಿಂತ ಇಬ್ಬರನ್ನ, ನಮ್ಮ ಮನಿಯವರು ಮತ್ತ ನಿನ್ನ ಗಂಡ ದಾದೇಸಾಬ. ‘ನರಸಣ್ಣ ಹೋದ’ ಅಂದ್ರು ಇವರು. ಹೆಣ ಮುಟ್ಟಿ ಬಂದವರು ಮೈ ತೊಳಕೊಳ್ಳದ ಹೊಸ್ತಿಲ ದಾಟಬಾರದು ಅಂತ ನಮ್ಮತ್ತಿ ಕಲಿಸಿದ್ದು. ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ ಅಂತ ಮಠದ ಸ್ವಾಮಿಗಳು ಎಷ್ಟು ಸಲ ಹೇಳ್ಯಾರ. ಆದ್ರ ನಾ ಬಾಳೇವು ಮಾಡಿದ್ದು ಸ್ವಾಮಿಗಳ ಜೋಡಿ ಅಲ್ಲ, ಅತ್ತಿ ಜೋಡಿ. ‘ಒಳಗ ಬರಬ್ಯಾಡ್ರಿ’ ಅಂದೆ. ಇಬ್ಬರಿಗೂ ಹಿತ್ತಲದಾಗ ನೀರು ಹಾಕಿದೆ, ಇಬ್ಬರ ಬಟ್ಟಿನೂ ತೊಳೆದು ಹಗ್ಗಕ್ಕ ಹಾಕಿದೆ. ಪೊಲೀಸರು ಬಂದಾಗ ಅವು ಇನ್ನೂ ನೀರು ಇಳಿಸಾಕತ್ತಿದ್ವು. ಸಾಕ್ಷಿ ನಾಶ ಅಂದ್ರು. ಹಿಂಗ ನಾನು ಮೂರನೇ ಆರೋಪಿ ಆದೆ.

ನಮ್ಮ ಅಂಗಳದ ಖೋಲಿಯಾಗ ನೀ ಇರೋದಕ್ಕ ನನಗ ಧೈರ್ಯ. ಎಮ್ಮಿ ಹ್ಯಾಂಗೈತಿ? ದೇವರ ಮುಂದಿನ ದೀಪ ಯಾರು ಹಚ್ತಾರ? ಜೈಲಿಗೆ ಭೆಟ್ಟಿಗೆ ಹೋದಾಗ ದಾದೇಸಾಬ ಏನಂದ? ಎಲ್ಲಾ ಬರಿ.

ಪಾರ್ವತೆಮ್ಮ

*

ವಳಕಮದಿನ್ನಿ
21-6-2024

ಪಾರ್ವತೆಕ್ಕಾರಿಗೆ ವಸೀಮಾ ಮಾಡುವ ಸಲಾಂ.

ನಿಮ್ಮ ಕಾಗದ ತಂದ ಅಂಚಿಯವ ಬಾಗಲಾಗ ನಿಂತುಬಿಟ್ಟ. ‘ಯಾರದು ಬೇ, ಕೋರ್ಟಿಂದೇನು?’ ಅಂದ. ‘ಹೂಂ, ಜಡ್ಜ್ ಸಾಹೇಬ್ರು ನನ್ನ ಮ್ಯಾಲ ಮನಸಾಗಿ ಬರದಾರ, ಓದಿ ಹೇಳ್ಲೇನು?’ ಅಂದೆ. ಗಾಡಿ ಚಾಲೂ ಮಾಡಿ ಹೊಳ್ಳಿ ನೋಡದ ಹೋದ.

ಅಕ್ಕಾರ, ಹಿಂಗ ನಕ್ಕು ಭಾಳ ದಿನ ಆಗಿತ್ತು.

ಎಮ್ಮಿ ಈದೈತಿ. ಹೆಣ್ಣಗರು. ಗಿಣ್ಣ ಕಾಸಿ ಓಣಿಗೆ ಹಂಚೋಣಂದ್ರ ನನ್ನ ಕೈಯಿಂದ ಯಾರೂ ಇಸಗೊಳ್ಳಲಿಲ್ಲ. ಬಾಜೂ ಮನಿ ಆದಮ್ಮ ಮುದುಕಿ ಒಬ್ಬಾಕಿ ಕುಡಿದ್ಲು. ನರಸಣ್ಣನ ತಮ್ಮ ಹುಲಿಗೇಶ ದಿನಾ ನಮ್ಮ ಮನಿ ಮುಂದ ಹಾಯ್ತಾನ. ಗಾಡಿ ನಿಧಾನ ಮಾಡಿ ನೋಡಿ ಹೋಗ್ತಾನ. ಅವನ ಅಣ್ಣ ಸತ್ತಾನ, ಅವ ನೋಡ್ಲಿ. ನಾನೂ ತಲಿ ಬಗ್ಗಿಸಿ ನಿಂದರ್ತೀನಿ. ನಾಟಿ ಕೆಲಸಕ್ಕ ನನ್ನ ಯಾರೂ ಕರೀವಲ್ರು. ದೇವರ ದೀಪ ಆದಮ್ಮ ಹಚ್ತಾಳ. ಎಣ್ಣಿ ನಾನು ಹಾಕಿಕೊಡ್ತೀನಿ, ನಾ ಹೊಸ್ತಿಲ ಹೊರಗ.

ಈಗ ಮುಖ್ಯ ಮಾತು. ನಮ್ಮವನ ಜಾಮೀನು ಅರ್ಜಿ ಇಲ್ಲಿ ಕೋರ್ಟಿನಾಗ ವಜಾ ಆತು. ಲಿಂಗಸೂಗೂರಿಂದ ಅಂಬಿಕಾ ಅಂತ ಒಬ್ಬ ವಕೀಲರನ್ನ ಸರ್ಕಾರದವರು ಕೊಟ್ಟಾರ. ಸಣ್ಣಾಕಿ, ಚಸ್ಮಾ ಹಾಕ್ತಾಳ, ಜೋರದಾಳ. ಆಕಿ ವಜಾ ಆದ ಕಾಗದ ಓದಿ ಹೇಳಿದ್ಲು. ಅದರಾಗ ಐತಂತ, ಮೂರನೇ ಆರೋಪಿ ಒಂದನೇ ಮತ್ತು ಎರಡನೇ ಆರೋಪಿಗಳ ರಕ್ತ ಹತ್ತಿದ ಬಟ್ಟೆಗಳನ್ನು ತೊಳೆದಿದ್ದಾಳೆ ಅಂತ.

ಇಬ್ಬರದೂ ಅಂತ ಬರದಾರ ಅಕ್ಕಾರ. ಇವ ನರಸಣ್ಣನ್ನ ಹಿಂದಿನಿಂದ ಹಿಡಕೊಂಡಿದ್ದು ಜಗಳ ಬಿಡಸಾಕ. ಅಲ್ಲಾನ ಮ್ಯಾಲ ಆಣಿ ಮಾಡಿ ಹೇಳ್ಯಾನ ನನಗ. ಇವನ ಅಂಗಿಗೆ ರಕ್ತ ಎಲ್ಲಿಂದ ಬರ್ತೈತಿ? ನೀವು ಪೊಲೀಸರಿಗೆ ಏನಂತ ಹೇಳಿದ್ರಿ? ಸಿಟ್ಟಿಲ್ಲ, ಬರೇ ತಿಳ್ಕೊಳ್ಳಾಕ ಕೇಳಾಕತ್ತೀನಿ.

ಭೆಟ್ಟಿಗೆ ಹೋದಾಗ ನಾನು ಇದನ್ನ ಎತ್ತಿದ್ರ ನನಗೇ ಬೈದ. ‘ಹನ್ನೊಂದು ವರ್ಷ ಅಣ್ಣಾರ ಟ್ರ್ಯಾಕ್ಟರ್ ಹೊಡದೀನಿ, ಅವರು ನನ್ನ ಕೈ ಬಿಡಂಗಿಲ್ಲ, ಅಕ್ಕಾರನ್ನ ಕೇಳು’ ಅಂದ. ಕೇಳೀನಿ.

ವಸೀಮಾ

*

ಸಂತೆಕಲ್ಲೂರು
14-7-2024

ವಸೀಮಾಗೆ.

ನಿನ್ನ ಕಾಗದ ಮುಟ್ಟಿ ಭಾಳ ದಿನ ಆದ್ವು. ಬರೀಬೇಕು ಬರೀಬೇಕು ಅಂತ ಇಲ್ಲಿ ಕೆಲಸ. ತಮ್ಮನ ಹೆಂಡ್ತಿ ದಾನೇಶ್ವರಿ ಒಳ್ಳೆಯಾಕಿ, ಆದ್ರ ನಾನು ಒಲಿ ಮುಂದ ಕುಂತ್ರ ಆಕಿಗೆ ಜಾಗ ಸಾಲಂಗಿಲ್ಲ, ಕುಂಡ್ರಲಿಲ್ಲಂದ್ರ ಸಿಟ್ಟು.

ಐತವಾರ ಬೆಳಿಗ್ಗೆ ಟಂಟಂ ಆಟೋ ಹತ್ತಿ ಮಸ್ಕಿಗೆ ಹೋಗ್ತೀನಿ. ಮೊದಲನೇ ಸಲ ನನ್ನ ಬಾಜೂ ಕುಂತಾಕಿ ‘ಎಲ್ಲಿಗವ್ವಾ?’ ಅಂದ್ಲು. ಸುಳ್ಳು ಹೇಳಾಕ ಬರಲಿಲ್ಲ, ‘ಠಾಣೆಗೆ’ ಅಂದೆ. ‘ಏನ ಕಳುವಾಗೈತೇನು?’ ಅಂದ್ಲು. ‘ಇಲ್ಲವ್ವಾ, ಕೊಲಿ ಕೇಸಿನಾಗ ನಾನು ಮೂರನೇದಾಕಿ’ ಅಂದೆ. ಆಕಿ ಮುಂದಿನ ಸ್ಟಾಪಿಗೆ ಇಳಿದ್ಲು. ಅದು ಆಕಿ ಊರು ಅಲ್ಲ ಅಂತ ಡ್ರೈವರ್ ಆಮ್ಯಾಲ ಹೇಳಿದ.

ನೀ ಕೇಳಿದ್ದಿ. ಇಬ್ಬರ ಬಟ್ಟಿ ತೊಳೆದೆ ಅಂತ ಹೇಳಿದ್ದು ನಿಜ. ತೊಳೆದಿದ್ದೂ ನಿಜ. ಅವತ್ತ ನನಗ ತಲಿ ನೆಟ್ಟಗಿರಲಿಲ್ಲ. ಅದರ ಬಗ್ಗೆ ಕಾಗದದಾಗ ಜಾಸ್ತಿ ಬರಿಯೋದು ಚಲೋ ಅಲ್ಲ ಅಂತ ವಕೀಲರು ಅಂತಾರ. ನಮ್ಮ ಮನಿಯವರ ಅರ್ಜಿ ಹೈಕೋರ್ಟಿನಾಗ ಹಾಕ್ಯಾರ. ಶ್ರಾವಣ ಬರಾಕತ್ತೈತಿ. ಸೋಮವಾರ ಒಪ್ಪತ್ತು ಇರ್ತೀನಿ, ನಿನ್ನ ಗಂಡನ ಹೆಸರೂ ಹಿಡಿದು ಬೇಡ್ಕೊಂತೀನಿ.

ಕರುವಿಗೆ ಹಾಲು ಪೂರಾ ಬಿಡು, ಹಿಂಡಿ ಖಾಲಿ ಮಾಡಬ್ಯಾಡ.

ಪಾರ್ವತೆಮ್ಮ

*

ಸಂತೆಕಲ್ಲೂರು
20-8-2024

ವಸೀಮಾಗೆ.

ಶಿವ ಕಣ್ಣು ತೆರೆದ. ನಮ್ಮ ಮನಿಯವರಿಗೆ ಹೈಕೋರ್ಟಿನಾಗ ಜಾಮೀನು ಆತು. ಶನಿವಾರ ಬಂದ್ರು. ಅವರಿಗೂ ನನ್ನಂಗ ಷರತ್ತು, ಸಿಂಧನೂರು ತಾಲೂಕು ಬಂದ್, ಮಸ್ಕಿಯಾಗ ಸೈ. ಅದಕ್ಕ ಇಲ್ಲೇ ನನ್ನ ಹತ್ರ ಅದಾರ. ಭಾಳ ಸೊರಗ್ಯಾರ. ಅರವತ್ತೆರಡು ವಯಸ್ಸು, ಬಿಪಿ. ಗುಳಿಗಿ ನುಂಗ್ಯಾರೋ ಇಲ್ಲೋ ಅಂತ ನಾನೇ ನೋಡಬೇಕು. ಮಾತು ಕಡಿಮಿ ಆಗೈತಿ. ಮುಂಜಾನೆದ್ದು ಲಿಂಗ ಅಂಗೈಯಾಗ ಇಟ್ಕೊಂಡು ಕುಂತ್ರ ತಾಸುಗಟ್ಟಲೆ ಕುಂತಿರ್ತಾರ.

ಒಬ್ಬರಿಗೆ ಆತು ಅಂದ್ರ ಅದೇ ಕೇಸಿನಾಗ ಇನ್ನೊಬ್ಬರಿಗೂ ಆಗ್ತೈತಿ ಅಂತ ಠಾಣೆಯಾಗ ಕುಂತ ಮಂದಿ ಅನ್ನಾಕತ್ತಿದ್ರು. ಧೈರ್ಯ ತಗೋ.

ಪಾರ್ವತೆಮ್ಮ

*

ವಳಕಮದಿನ್ನಿ
30-8-2024

ಅಕ್ಕಾರಿಗೆ ಸಲಾಂ.

ನಿಮ್ಮ ಕಾಗದ ಓದಿ ಆದಮ್ಮನ ಕೈ ಹಿಡಕೊಂಡು ಕುಣಿದೆ. ಆಕಿ ‘ಬಿಡ ಬೇ, ಸೊಂಟ ಮುರದೀತು’ ಅಂತ ಬೈದ್ಲು.

ಮರುದಿನ ಜೈಲಿಗೆ ಹೋಗಿ ಇವಗ ಹೇಳಿದೆ. ಆ ಗಾಜಿನ ಆಕಡೆ ಕುಂತು ನಕ್ಕ. ಆರು ತಿಂಗಳಾಗಿತ್ತು ಅವನ ಹಲ್ಲು ನೋಡಿ. ‘ಅಣ್ಣಾರು ಹೊರಗ ಬಂದ್ರಂದ್ರ ನಾನು ಅರ್ಧ ಬಂದಂಗ’ ಅಂದ. ‘ಉಳಿದ ಅರ್ಧ ಯಾವಾಗ ಬರ್ತಿ? ನನಗ ಅರ್ಧ ಗಂಡನ್ನ ತಗೊಂಡು ಏನ್ ಮಾಡ್ಲಿ’ ಅಂದೆ. ಬಾಜೂ ನಿಂತ ಪೊಲೀಸಿನವ ನಕ್ಕ.

ಅಂಬಿಕಾ ವಕೀಲರು ಖುಷಿ ಅದಾರ. ‘ಒಂದನೇದವರಿಗೇ ಕೊಟ್ಟಾರ ಅಂದ್ರ ಎರಡನೇದವಗ ಕೊಡಾಕ ಏನು ಅಡ್ಡಿ ಅಂತ ಕೇಳ್ತೀನಿ, ಅಣ್ಣಾರ ಜಾಮೀನಿನ ಆದೇಶದ ಪ್ರತಿ ತರಸು’ ಅಂದ್ರು. ನಿಮ್ಮ ಹತ್ರ ಇರ್ತೈತಲ್ಲ, ಜೆರಾಕ್ಸ್ ಮಾಡಿಸಿ ಲಗೂನ ಕಳಸ್ರಿ. ಇನ್ನು ನಿಮಗ ತ್ರಾಸು ಕೊಡಂಗಿಲ್ಲ.

ವಸೀಮಾ

*

ಸಂತೆಕಲ್ಲೂರು
22-9-2024

ವಸೀಮಾಗೆ.

ಆ ಪ್ರತಿ ವಕೀಲರ ಹತ್ರ ಐತಿ. ಅವರು ಕಲಬುರಗಿಗೆ ಹೋಗ್ಯಾರ. ಬಂದ ಮ್ಯಾಲ ಕೇಳ್ತೀನಿ. ಇಲ್ಲಿ ತೊಗರಿ ಚಲೋ ಐತಿ. ನನಗ ಆರಾಮ ಇಲ್ಲ, ಅದಕ್ಕ ಇಷ್ಟು ಸಾಕು.

ಪಾರ್ವತೆಮ್ಮ

*

ವಳಕಮದಿನ್ನಿ
6-10-2024

ಪಾರ್ವತೆಮ್ಮನವರಿಗೆ.

ನೀವು ಕಳಸಲಿಲ್ಲ. ಅಂಬಿಕಾ ವಕೀಲರು ಕಂಪ್ಯೂಟರಿನಾಗ ತೆಗೆದ್ರು. ಇಂಗ್ಲಿಷಿನಾಗ ಇತ್ತು, ಒಂದೊಂದೇ ಸಾಲು ಕನ್ನಡದಾಗ ಹೇಳಿದ್ರು. ಮೂರನೇ ಪುಟಕ್ಕ ಬಂದು ನಿಂತ್ರು. ‘ಮುಂದ ಓದ್ರಿ’ ಅಂದೆ. ‘ವಸೀಮಾ, ನೀರು ಕುಡಿ ಮೊದಲು’ ಅಂದ್ರು.

ನಿಮ್ಮವರ ಪರ ವಾದ ಹಿಂಗೈತಿ. ಸಲಿಕಿ ಟ್ರ್ಯಾಕ್ಟರಿನಾಗ ಇತ್ತು. ಟ್ರ್ಯಾಕ್ಟರ್ ಎರಡನೇ ಆರೋಪಿ ಕೈಯಾಗ ಇತ್ತು. ಏಟು ಹಾಕಿದ್ದೂ ಎರಡನೇ ಆರೋಪಿ. ಅರ್ಜಿದಾರರು ವಯಸ್ಸಾದವರು, ಬಿಪಿ ಐತಿ, ಬರೇ ಅಲ್ಲಿ ನಿಂತಿದ್ರು.

ನಿಂತಿದ್ರಂತ!

ಈಗ ಅದೇ ಕಾಗದ ಹಿಡಕೊಂಡು ನಾವು ಜಾಮೀನು ಕೇಳಿದ್ರ, ಅದರಾಗೇ ಬರದೈತಲ್ಲ ಹೊಡೆದವ ನಿನ್ನ ಗಂಡ ಅಂತ, ಅಂತಾರ. ನಿಮ್ಮವರು ಹೊರಗ ಹೋಗುವಾಗ ಬಾಗಲ ಎಳಕೊಂಡು ಹೋಗ್ಯಾರ. ಒಳಗ ಇವ ಕುಂತು ‘ಅಣ್ಣಾರು ಕೈ ಬಿಡಂಗಿಲ್ಲ’ ಅನ್ನಾಕತ್ಯಾನ. ಅವಗ ನಾ ಇನ್ನೂ ಹೇಳಿಲ್ಲ. ಹ್ಯಾಂಗ ಹೇಳ್ಲಿ, ಅಲ್ಲಿ ಅವಗ ನಗಾಕ ಇರೋದು ಅದೊಂದೇ.

ನಿಮಗ ಇದು ಗೊತ್ತಿತ್ತೋ ಇಲ್ಲೋ? ಅದೊಂದು ಕೇಳ್ತೀನಿ. ಗೊತ್ತಿದ್ದು, ಅವನ ಹೆಸರು ಹಿಡಿದು ದೇವರಿಗೆ ಬೇಡ್ಕೊಂತೀನಿ ಅಂತ ಬರದ್ರೇನು? ನಿಮ್ಮ ದೇವರು ನಿಮ್ಮನ್ನ ಹ್ಯಾಂಗ ಕುಂದರಿಸಿಕೊಂತಾನ ಎದುರಿಗೆ?

ಮನಿ ಕೀಲಿ ಆದಮ್ಮಗ ಕೊಟ್ಟೀನಿ. ಎಮ್ಮಿ, ಕರು ಆಕಿ ಕೊಟ್ಟಿಗ್ಯಾಗ ಕಟ್ಟೀನಿ. ನಾನು ನಿಮ್ಮ ಅಂಗಳದ ಖೋಲಿ ಬಿಟ್ಟು ಊರ ಹೊರಗ ಆಂಧ್ರದವರ ಕ್ಯಾಂಪಿನ ಕಡೆ ಬಾಡಿಗಿ ಹಿಡದೀನಿ. ಬರೀಬ್ಯಾಡ್ರಿ.

ವಸೀಮಾ

*

ಸಂತೆಕಲ್ಲೂರು
3-11-2024

ವಸೀಮಾಗೆ.

ಹೋದ ತಿಂಗಳು ನಿನಗ ಬರೆದ ಕಾಗದ ಹೊಳ್ಳಿ ಬಂತು, ತಗೊಳ್ಳಾಕ ಒಲ್ಲೆ ಅಂದ್ಲು ಅಂತ ಮ್ಯಾಲ ಬರೆದು ಕಳಿಸ್ಯಾರ. ಒಳ್ಳೇದಾತು. ಅದರಾಗ ನಾನು ಬರೀ ನೆವ ಹೇಳಿದ್ದೆ. ವಕೀಲರು ಹಂಗ ಬರದ್ರು, ನಮಗ ಇಂಗ್ಲಿಷ್ ಬರಂಗಿಲ್ಲ ಅಂತ. ಅದನ್ನ ಒಲಿಗೆ ಹಾಕೀನಿ.

ಈ ಕಾಗದ ಆದಮ್ಮನ ಹೆಸರಿಗೆ ಹಾಕಾಕತ್ತೀನಿ. ಆಕಿ ತಂದು ಕೊಡ್ತಾಳ. ಓದು, ಬಿಡು.

ನನಗ ಗೊತ್ತಿತ್ತು. ಜುಲೈದಾಗ ವಕೀಲರು ಇಲ್ಲೇ ತಮ್ಮನ ಕಟ್ಟಿ ಮ್ಯಾಲ ಕುಂತು ಹೇಳಿದ್ರು. ‘ಇಬ್ಬರಾಗ ಒಬ್ಬರು ಹೊಡದಾರ. ನಮ್ಮವರು ಅಲ್ಲ ಅಂದ್ರ ಇನ್ನೊಬ್ಬ. ಬ್ಯಾರೆ ದಾರಿ ಇಲ್ಲಮ್ಮ’ ಅಂದ್ರು. ನಾನು ಚಹಾ ಕೊಟ್ಟೆ. ಏನೂ ಅನ್ನಲಿಲ್ಲ. ಅದೇ ವಾರ ನಿನಗ ಶ್ರಾವಣದ ಕಾಗದ ಬರದೆ.

ಇನ್ನೊಂದು ಐತಿ. ಅದನ್ನ ಬರಿಯಾಕ ಕೈ ಬರವಲ್ದು. ಇವತ್ತಿಗೆ ಇಷ್ಟು.

ಪಾರ್ವತೆಮ್ಮ

*

ಸಂತೆಕಲ್ಲೂರು
8-12-2024

ವಸೀಮಾಗೆ.

ನೀನು ಉತ್ತರ ಬರೀಲಿಲ್ಲ. ಕಾಗದ ಹೊಳ್ಳಿಯೂ ಬರಲಿಲ್ಲ. ಅಂದ್ರ ಆದಮ್ಮ ಕೊಟ್ಟಾಳ, ನೀ ಇಟ್ಕೊಂಡಿ. ನನಗ ಅಷ್ಟು ಸಾಕು.

ಉಳಿದ ಮಾತು ಹೇಳ್ತೀನಿ. ದಾದೇಸಾಬನ ಅಂಗಿಗೆ ರಕ್ತ ಇದ್ದಿಲ್ಲ. ನೀಲಿ ಗೆರಿ ಅಂಗಿ, ಮೊಣಕೈಗೆ ಗದ್ದಿ ರಾಡಿ ಹತ್ತಿತ್ತು, ಬೆನ್ನಿಗೆ ಬೆವರು. ಒಂದು ನೀರಿಗೆ ಸ್ವಚ್ಛ ಆತು. ನಮ್ಮ ಮನಿಯವರ ಬಿಳಿ ಅಂಗಿ ನಾಕು ನೀರು ತಗೊಂತು. ಬಲಗೈ ತೋಳಿನ ತುದಿ ನಾಕನೇ ನೀರಿಗೂ ಬಿಡಲಿಲ್ಲ. ಕಲ್ಲಿಗೆ ತಿಕ್ಕಿದೆ.

ಪೊಲೀಸಿನವರು ‘ಬಟ್ಟಿ ತೊಳೆದೇನು?’ ಅಂದ್ರು. ‘ಹೂಂರಿ, ಇಬ್ಬರದೂ’ ಅಂದೆ. ‘ರಕ್ತ ಇತ್ತೇನು?’ ಅಂದ್ರು. ‘ಇತ್ರಿ’ ಅಂದೆ. ಯಾರದಕ್ಕ ಅಂತ ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ನಾ ಸುಳ್ಳು ಆಡಿಲ್ಲ ಅಂತ ಒಂಬತ್ತು ತಿಂಗಳು ನನಗ ನಾನೇ ಹೇಳಿಕೊಂಡೆ. ದಿನಾ ವಿಭೂತಿ ಹಚ್ಚಿಕೊಳ್ಳುವಾಗ ಹೇಳಿಕೊಂಡೆ. ಹೇಳದ ಉಳಿಸಿದ್ದು ಸುಳ್ಳಿಗಿಂತ ದೊಡ್ಡದಿತ್ತು ವಸೀಮಾ.

ಹೋದ ಸೋಮವಾರ ನಮ್ಮವರು ಪೂಜಿಗೆ ಕುಂತಿದ್ರು. ಅಂಗೈಯಾಗ ಲಿಂಗ. ನಾನು ಎದುರಿಗೆ ಕುಂತೆ. ‘ಸಲಿಕಿ ಯಾರ ಕೈಯಾಗ ಇತ್ರಿ?’ ಅಂದೆ.

ಕಣ್ಣು ತೆಗೀಲಿಲ್ಲ. ‘ಕೈಯಾಗ ಲಿಂಗ ಐತಿ. ಈಗ ಕೇಳಬ್ಯಾಡ’ ಅಂದ್ರು.

‘ಇಳಿಸಿದ ಮ್ಯಾಲ ಕೇಳ್ಲೇನು?’

ಅವತ್ತ ಅವರು ಲಿಂಗ ಇಳಿಸಲಿಲ್ಲ. ಬಿಸಿಲು ಹೊಸ್ತಿಲ ದಾಟಿ ಒಳಗ ಬಂತು. ರೊಟ್ಟಿ ಆರಿದ್ವು. ದಾನೇಶ್ವರಿ ಎರಡು ಸಲ ಇಣಿಕಿ ನೋಡಿ ಹೋದ್ಲು. ಮಧ್ಯಾಹ್ನದ ಗುಳಿಗಿ ಹೊತ್ತೂ ದಾಟಿತು, ಬಿಪಿ ಅಲ್ಲೇನು. ಆಗ ನಾನೇ ಎದ್ದು ಹೊರಗ ಹೋದೆ. ನಾ ಹೋದ ಮ್ಯಾಲ ಇಳಿಸಿದ್ರಂತ.

ಕೈಯಾಗ ಲಿಂಗ ಇಟ್ಕೊಂಡು ಸುಳ್ಳು ಹೇಳಾಕ ಅವರಿಗೆ ಆಗಲಿಲ್ಲ. ಅವರು ಕೆಟ್ಟವರಲ್ಲ. ಒಂದು ಗಳಿಗಿ ಸಿಟ್ಟು ಬಂದು ಸಲಿಕಿ ಬೀಸ್ಯಾರ, ಆಮ್ಯಾಲ ಹೆದರ್ಯಾರ. ಹೆದರಿ ನಿನ್ನ ಗಂಡನ್ನ ಅಡ್ಡ ಹಿಡದಾರ. ನಾನೂ ಹೆದರೀನಿ. ಒಂದು ಮನುಷ್ಯಾ ಊಟಕ್ಕ ಎದುರಿಗೆ ಇರಲಿ ಅನ್ನೋ ಆಸೆ, ಅಷ್ಟ ಇದ್ದದ್ದು ನನಗ. ಮಕ್ಕಳಿಲ್ಲ ಮರಿ ಇಲ್ಲ.

ಅಂಬಿಕಾ ವಕೀಲರು ಯಾವ ವಾರ ಸಿಗ್ತಾರ ಅಂತ ಆದಮ್ಮನ ಕೈಲಿ ಬರಸು. ನಿನ್ನ ಅಕ್ಷರ ಬ್ಯಾಡ ಅಂದ್ರ.

ಪಾರ್ವತೆಮ್ಮ

*

ವಳಕಮದಿನ್ನಿ
19-12-2024

ಮಂಗಳವಾರ, ಶುಕ್ರವಾರ. ಲಿಂಗಸೂಗೂರು ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿ ಮ್ಯಾಲ. ಆದಮ್ಮಗ ಬರಿಯಾಕ ಬರಂಗಿಲ್ಲ, ಅದಕ್ಕ ನಾನೇ ಬರೀಬೇಕಾತು.

*

ಸಂತೆಕಲ್ಲೂರು
12-1-2025

ವಸೀಮಾಗೆ.

ಹೋದ ತಿಂಗಳ ಕಡೀ ಶುಕ್ರವಾರ ಹೋಗಿ ಬಂದೆ. ಬಸ್ಸಿನಾಗ ಒಬ್ಬಾಕಿನೇ. ನಿನ್ನ ಅಂಬಿಕಾ ವಕೀಲರು ನನ್ನ ಕಂಡು ಮೊದಲು ಕುಂದರು ಸೈತ ಅನ್ನಲಿಲ್ಲ. ಎಲ್ಲಾ ಕೇಳಿದ ಮ್ಯಾಲ ಚಸ್ಮಾ ತೆಗೆದು ಒರೆಸಿಕೊಂಡ್ರು.

‘ಅಮ್ಮ, ಇದನ್ನ ಪ್ರಮಾಣ ಮಾಡಿ ಬರಕೊಟ್ರ ದಾದೇಸಾಬನ ಅರ್ಜಿ ಜೋಡಿ ಹಾಕ್ತೀನಿ. ಆದ್ರ ನಾನು ನಿಮ್ಮ ವಕೀಲರಲ್ಲ. ಇದು ನಿಮಗ ತಿರುಗಿ ಹತ್ತಬಹುದು. ನಿಮ್ಮ ಯಜಮಾನ್ರ ಜಾಮೀನು ರದ್ದು ಮಾಡ್ರಿ ಅಂತ ಹುಲಿಗೇಶ ಇದನ್ನೇ ಹಿಡಕೊಂಡು ಕೇಳಬಹುದು. ನಿಮ್ಮ ವಕೀಲರನ್ನ ಕೇಳಿ ಬರ್ರಿ’ ಅಂದ್ರು.

‘ಅವರನ್ನ ಕೇಳಿದ್ರ ಬ್ಯಾಡ ಅಂತಾರ. ಬರ್ಕೊಳ್ಳವ್ವಾ’ ಅಂದೆ.

ಟೈಪ್ ಮಾಡಿ ಓದಿ ಹೇಳಿದ್ರು. ಅಂಗಿ ಬಣ್ಣ, ರಾಡಿ, ನೀರು ಎಲ್ಲಾ ಬಂದಿತ್ತು. ಸೈ ಮಾಡಿದೆ.

ಮನಿಗೆ ಬಂದು ನಮ್ಮವರಿಗೆ ನಾನೇ ಹೇಳಿದೆ. ಬ್ಯಾರೆಯವರ ಬಾಯಿಂದ ತಿಳಿಬಾರದು ಅಂತ. ತಮ್ಮ ಬಸವಲಿಂಗ ಕೂಗಾಡಿದ. ‘ಅಕ್ಕಾ, ನಿನಗ ಹುಚ್ಚು ಹಿಡದೈತೇನು? ಗಂಡನ್ನ ಜೈಲಿಗೆ ಕಳಿಸಿ ಡ್ರೈವರನ್ನ ಬಿಡಸ್ತೀ?’ ಅಂದ. ದಾನೇಶ್ವರಿ ಬಾಗಲ ಹಾಕಿದ್ಲು, ಓಣಿಗೆ ಕೇಳಸಬಾರದು ಅಂತ. ನಮ್ಮವರು ಎದ್ರು. ಲಿಂಗದ ಕರಡಿಗಿ, ಎರಡು ಧೋತ್ರ, ಹೊದಿಕಿ ಚೀಲಕ್ಕ ಹಾಕಿಕೊಂಡ್ರು. ಬಾಗಲ ತನಕ ಹೋಗಿ ಹೊಳ್ಳಿ ನಿಂತ್ರು. ಬೈತಾರೇನೋ ಅಂತ ನಾನು ನಿಂತೆ, ಬೈದ್ರ ಚಲೋ ಇತ್ತು.

‘ಗುಳಿಗಿ ಎಲ್ಲಿ ಇಟ್ಟೀ?’ ಅಂದ್ರು.

ತಂದು ಕೊಟ್ಟೆ. ಈಗ ಲಿಂಗಸೂಗೂರಿನಾಗ ಅವರ ಅಣ್ಣನ ಮಗನ ಮನಿಯಾಗ ಅದಾರ. ನಾನು ತಮ್ಮನ ಮನಿ ಬಿಟ್ಟು ಮಠದ ಹಿಂದಿನ ಖೋಲಿಗೆ ಬಂದೀನಿ. ಸ್ವಾಮಿಗಳು ದಾಸೋಹಕ್ಕ ರೊಟ್ಟಿ ಬಡಿ ಅಂದಾರ. ಐತವಾರ ಠಾಣೆಗೆ ನಾನು ಬೆಳಿಗ್ಗೆ ಹೋಗ್ತೀನಿ, ಅವರು ಮಧ್ಯಾಹ್ನ ಬರ್ತಾರಂತ. ಪುಸ್ತಕದಾಗ ಅವರ ಹಿಂದಿನ ವಾರದ ಸೈ ನೋಡಿ, ಬಂದಿದ್ರು, ಆರಾಮ ಅದಾರ ಅಂತ ತಿಳ್ಕೊಂತೀನಿ.

ನಿನಗ ಕ್ಷಮಾ ಕೇಳಂಗಿಲ್ಲ. ಕೇಳಿದ್ರ ನೀನು ಕೊಡಬೇಕಾಗ್ತೈತಿ.

ಪಾರ್ವತೆಮ್ಮ

*

ಗುರುಗುಂಟಾ
10-3-2025

ಪಾರ್ವತೆಕ್ಕಾರಿಗೆ.

ಇವಗ ಜಾಮೀನು ಆತು. ಗುರುವಾರ ಸಂಜಿಮುಂದ ಬಿಟ್ರು. ನಾನು, ಮಗಳು ಜೈಲಿನ ಮುಂದ ಮುಂಜಾನಿಂದ ಕುಂತಿದ್ವಿ. ಹೊರಗ ಬಂದವ ಮಗಳನ್ನ ನೋಡಿ ‘ಇಷ್ಟು ಉದ್ದ ಯಾಕಾಗೀ ಲೇ?’ ಅಂದ.

ನೀವು ಪ್ರಮಾಣ ಮಾಡಿ ಬರಕೊಟ್ಟ ಕಾಗದ ಜಡ್ಜ್ ಸಾಹೇಬ್ರು ನೋಡಿದ್ರಂತ, ಮತ್ತ ಒಂದನೇದವರಿಗೆ, ಮೂರನೇದವರಿಗೆ ಕೊಟ್ಟಾರಲ್ಲ, ಇವಗ ಯಾಕ ಇಲ್ಲ ಅಂದ್ರಂತ. ಅದೇ ಷರತ್ತು ಇವಗೂ ಎತ್ತಿ ಹಾಕ್ಯಾರ. ಸಿಂಧನೂರು ತಾಲೂಕು ಬಂದ್. ಹೊರಗ ಬಂದಾನ, ಮನಿಗೆ ಬರೋ ಹಂಗಿಲ್ಲ. ಇಲ್ಲಿ ಗುರುಗುಂಟಾದಾಗ ಇವನ ಅಕ್ಕನ ಮನಿ, ಕುರಿ ಕಾಯಾಕ ಹೊಂಟಾನ. ಟ್ರ್ಯಾಕ್ಟರ್ ಹೊಡಿಯೋನು ಕುರಿ ಹಿಂದ ಹೋಗೋದು ನೋಡಿದ್ರ ಕುರಿಗೇ ನಗು ಬರ್ತೈತಿ. ಮಗಳ ಸಾಲಿ ಐತಿ, ನಾನು ನಾಳೆ ಕ್ಯಾಂಪಿಗೆ ಹೊಳ್ಳಿ ಹೋಗ್ತೀನಿ. ಮತ್ತ ಇಬ್ಬರೂ ಬ್ಯಾರೆ ಬ್ಯಾರೆ ಕಡೆ.

ಅಣ್ಣಾರ ವಕೀಲರು ಏನು ವಾದ ಮಾಡಿದ್ರು, ನೀವು ಏನು ಬರಕೊಟ್ರಿ, ಎಲ್ಲಾ ಹೇಳಿದೆ ಇವಗ. ನಂಬಲಿಲ್ಲ. ‘ವಕೀಲರು ಬರದಿರಬೇಕು, ಅಣ್ಣಾರಿಗೆ ಗೊತ್ತಿರಲಿಕ್ಕಿಲ್ಲ’ ಅಂದ. ಸಿಟ್ಟು ಬಂದು ಅವನ ಮುಂದಿನ ತಾಟು ಎಳಕೊಂಡೆ. ಆಮ್ಯಾಲ ಹೊಳ್ಳಿ ಇಟ್ಟೆ.

ನನಗ ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ಲ. ನೀವು ಮೊದಲ ದಿನ ಹೇಳಿದ್ರ ಇವ ಒಂದು ವರ್ಷ ಒಳಗ ಕೊಳೀತಿದ್ದಿಲ್ಲ. ಹಂಗಂತ ನೀವು ಈಗ ಮಾಡಿದ್ದನ್ನ ಮಾಡಿಲ್ಲ ಅನ್ನಾಕೂ ಬರಂಗಿಲ್ಲ. ಎರಡೂ ಒಂದೇ ಎದಿಯಾಗ ಅದಾವ, ನಾ ಏನ್ ಮಾಡ್ಲಿ.

ಐತವಾರ ಇವನೂ ಮಸ್ಕಿಗೆ ಸೈ ಮಾಡಾಕ ಬರ್ತಾನ. ಕಂಡ್ರ ಹ್ಯಾಂಗದಾನ ಅಂತ ಬರೀರಿ. ಫೋನಿನಾಗ ಕೇಳಿದ್ರ ಆರಾಮ ಅಂತಾನ, ನನಗ ನಂಬಿಕಿ ಇಲ್ಲ.

ವಸೀಮಾ

*

ಸಂತೆಕಲ್ಲೂರು
16-3-2025, ಐತವಾರ

ವಸೀಮಾಗೆ.

ಈಗ ತಾನ ಮಸ್ಕಿಯಿಂದ ಬಂದೆ. ನೀ ಕೇಳಿದ್ದಿ, ಅದಕ್ಕ ಕುಂತು ಬರೀತೀನಿ.

ಇವತ್ತ ಠಾಣೆಯಾಗ ಸಾಹೇಬ್ರು ಇದ್ದಿಲ್ಲ, ಪುಸ್ತಕ ಕಪಾಟಿನಾಗ, ಕೀಲಿ ಸಾಹೇಬ್ರ ಹತ್ರ. ಬೆಳಿಗ್ಗೆ ಹೋದಾಕಿ ಮಧ್ಯಾಹ್ನದ ತನಕ ಕುಂತೆ. ಮೊದಲು ದಾದೇಸಾಬ ಬಂದ. ಆಮ್ಯಾಲ ನಮ್ಮವರು ಬಂದ್ರು. ಕುಂಡ್ರಾಕ ಇದ್ದ ಬಾಕು ಒಂದೇ. ನಮ್ಮವರು ನನ್ನ ನೋಡಿ ಬಾಗಲಾಗೇ ನಿಂತ್ರು. ಪೊಲೀಸಿನವ ಒಬ್ಬ ಹುಡುಗಾಟಿಕಿ ಮನಷ್ಯಾ. ‘ಅಲ್ಲಿ ಯಾಕ ನಿಂತೀರಿ ಅಜ್ಜಾರ, ಮೂವರೂ ಬಂದೀರಿ, ನಂಬರ್ ಪ್ರಕಾರ ಕುಂದರ್ರಿ, ಒಂದೇ ಸಲ ಸೈ ತಗೊಂತೀನಿ. ಒಂದನೇದವರು, ಎರಡನೇದವ, ಮೂರನೇದಾಕಿ’ ಅಂದ.

ಹಂಗೇ ಕುಂತ್ವಿ. ಗಂಡ ಹೆಂಡ್ತಿ ಆ ತುದಿ ಈ ತುದಿ, ನಡುವ ನಿನ್ನ ಗಂಡ.

ಅವ ಸೊರಗ್ಯಾನ, ಗಲ್ಲ ಒಳಗ ಹೋಗ್ಯಾವ. ಬಿಸಿಲಾಗ ಕುರಿ ಹಿಂದ ತಿರುಗಿ ಕುತ್ತಿಗಿ ಕಪ್ಪಾಗೈತಿ. ಕೆಮ್ಮು ಐತಿ, ದವಾಖಾನಿಗೆ ಹೋಗು ಅಂತ ನೀನೇ ಹೇಳು. ನನಗ ‘ಸಲಾಂ ಅಕ್ಕಾರ’ ಅಂದ, ಆಮ್ಯಾಲ ನೆಲ ನೋಡಿದ.

ನಮ್ಮವರ ಜಾಮೀನು ರದ್ದು ಮಾಡಬೇಕಂತ ಹುಲಿಗೇಶ ಅರ್ಜಿ ಹಾಕ್ಯಾನ. ಇದೇ ಇಪ್ಪತ್ತೆಂಟಕ್ಕ ತಾರೀಖು ಐತಿ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಎರಡು ತಾಸು ಕುಂತ್ವಿ. ಗೋಡಿ ಗಡಿಯಾರ ನೋಡಿದ್ವಿ. ಅವರು ಒಂದು ಸಲ ಕೆಮ್ಮಿದ್ರು, ಒಂದು ಸಲ ಚೀಲ ತೆಗೆದು ಗುಳಿಗಿ ನುಂಗಿದ್ರು. ನೀರಿಲ್ಲದ ನುಂಗಿದ್ರು. ದಾದೇಸಾಬ ಎದ್ದು ಹೋಗಿ ಹೂಜಿಯಿಂದ ಲೋಟ ತುಂಬಿ ತಂದು ಅವರ ಕೈಯಾಗ ಇಟ್ಟ.

ಕುಡಿದ್ರು. ಲೋಟ ಕೆಳಗ ಇಟ್ಟು ಅವನ ಮುಖ ನೋಡಿದ್ರು. ‘ಊಟ ಆತೇನೋ ದಾದು?’ ಅಂದ್ರು.

‘ಆತ್ರಿ ಅಣ್ಣಾರ’ ಅಂದ ಇವ.

ನನ್ನ ಕೇಳಲಿಲ್ಲ. ನನ್ನದು ಆಗಿದ್ದಿಲ್ಲ ವಸೀಮಾ.

ಪಾರ್ವತೆಮ್ಮ